ಟ್ಯೂಬಿಂಗನ್‌ಗೆ ಅಮ್ಮನ್ನ ಕರ್ಕೊಂಡ್ ಹೋಗಿದ್ದು

ಅಮ್ಮ ಸ್ಟುಟ್‌ಗಾರ್ಟ್‌ಗೆ ಬಂದು ಮೂರು ವಾರ ಆಗಿತ್ತು, ಚರ್ಚು ಕೋಟೆ ಎಲ್ಲಾ ನೋಡಿ ಸಾಕಾಗಿ "ಇನ್ನೇನ್ ಇದ್ಯೋ ಇಲ್ಲಿ" ಅಂದ್ಬಿಟ್ರು. ಸರಿ ಅಂತ ಶನಿವಾರ ಟ್ಯೂಬಿಂಗನ್‌ಗೆ ಹೊರಟ್ವಿ, ಟ್ರೈನಲ್ಲಿ ಹತ್ತಿರತ್ರ ಒಂದು ಗಂಟೆ. ಅಲ್ಲಿನ ಸಿಟಿ ಮ್ಯೂಸಿಯಂನಲ್ಲಿ ಲೊಟ್ಟೆ ರೈನಿಗರ್ ಅನ್ನೋರ ನೆರಳು ಗೊಂಬೆಗಳಿವೆ, ಕತ್ತರಿಸಿದ ಗೊಂಬೆಗಳಿಂದಾನೇ ಸಿನಿಮಾ ಮಾಡ್ತಿದ್ದ ಜರ್ಮನ್ ಹೆಂಗಸು ಅವರು.

ಟ್ರೈನಲ್ಲೇ ಫೋನಲ್ಲಿ ಅವರ 1922ರ ಸಿಂಡ್ರೆಲಾ ಹಾಕ್ಕೊಟ್ಟೆ. ಮೂಕಿ ಸಿನಿಮಾ, ಮಧ್ಯೆ ಮಧ್ಯೆ ಬರೋ ಜರ್ಮನ್ ಅಕ್ಷರ ಅಮ್ಮಂಗೂ ಬರಲ್ಲ ನಂಗೂ ಅರ್ಧಂಬರ್ಧ, ಆದ್ರೂ ಏನೂ ತೊಂದ್ರೆ ಆಗ್ಲಿಲ್ಲ. ಮೊದ್ಲು ಎರಡು ಕೈ, ಒಂದು ಕತ್ರಿ, ಕರಿ ಕಾಗದದಿಂದ ಹುಡುಗಿ ಹೊರಗೆ ಬರ್ತಾಳೆ. ಚಪ್ಪಲಿ ಹಿಡಿಸ್ಲಿ ಅಂತ ಮಲಸೋದರಿ ಪಾದಾನೇ ಕುಯ್ಕೊಳೋ ಜಾಗ ಬಂದಾಗ ಅಮ್ಮ "ಅಯ್ಯೋ ಮುಂಡೇದೇ!" ಅಂತ ಕೂಗಿ ಎದುರು ಕೂತಿದ್ದ ಅಜ್ಜಿ ಬೆಚ್ಚಿಬಿದ್ರು. ಗ್ರಿಮ್ ಸೋದರರ ಕಥೆ ಇರೋದೇ ಹಾಗೆ, ನಾವು ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದು ಸಕ್ಕರೆ ಹಾಕಿದ್ದು. (ಅದೇ 1922ರಲ್ಲಿ ಅಮೆರಿಕದ ಕಾನ್ಸಾಸ್ ಸಿಟೀಲಿ ಡಿಸ್ನಿ ಅನ್ನೋ ಇಪ್ಪತ್ತರ ಹುಡುಗಾನೂ ಇದೇ ಸಿಂಡ್ರೆಲಾ ಮಾಡ್ತಿದ್ದ.)

ನೆಕಾರ್ ನದಿ ಸೇತುವೆ ದಾಟಿ ಕಲ್ಲು ಹಾಸಿದ ಏರು ಹತ್ತಿದ್ರೆ ಹಳೇ ಊರು. ಅಮ್ಮನ ಮಂಡಿ ನೋವಿಂದ ಹತ್ತು ನಿಮಿಷದ ದಾರಿ ಅರ್ಧ ಗಂಟೆ ಆಯ್ತು, ಹೋಗ್ಲಿ ಬಿಡಿ.

ಒಳಗೆ ಕತ್ತಲು ಕತ್ತಲು. ಒಂದು ಗೊಂಬೆ ಮುಂದೆ ಅಮ್ಮ ನಿಂತ್ಬಿಟ್ರು. ಅಂಗೈಯಷ್ಟು ಇರ್ಬೋದು, ಭುಜ ಮೊಣಕೈ ಮಣಿಕಟ್ಟು ಎಲ್ಲಾ ಬೇರೆ ಬೇರೆ ತುಂಡು, ಕೀಲಿಗೆ ಸಣ್ಣ ತಂತಿ ಸುತ್ತಿದಾರೆ. ಕನ್ನಡಕ ಮೇಲೆ ಮಾಡಿ ಎಣಿಸೋಕ್ ಶುರು ಮಾಡಿದ್ರು. ಅಮ್ಮನ ಊರು ನಾಗಮಂಗಲದ ಕಡೆ, ಮಳೆ ಕೈಕೊಟ್ಟಾಗ ತೊಗಲು ಗೊಂಬೆ ಆಡಿಸೋರು.

"ಇದಕ್ಕೆ ಬಣ್ಣ ಯಾಕಿಲ್ಲ ಕಣೋ?"

"ಅಮ್ಮ, ನಮ್ದು ತೊಗಲು, ಬೆಳಕು ಒಳಗಿಂದ ಬರುತ್ತೆ. ಇದು ರಟ್ಟು, ಸೀಸದ ತಗಡು."

"ಕಡ್ಡಿ ಎಲ್ಲಿ?"

ಕಡ್ಡೀನೇ ಇಲ್ಲ. ಗೊಂಬೆ ಗಾಜಿನ ಮೇಜಿನ ಮೇಲೆ ಮಲಗಿರುತ್ತೆ, ಕೆಳಗಿಂದ ಲೈಟು, ಮೇಲೆ ಕ್ಯಾಮೆರಾ, ಕೈನ ಒಂದು ಕೂದಲೆಳೆ ಸರಿಸೋದು ಒಂದು ಫೋಟೋ ಹೊಡೆಯೋದು, ಮತ್ತೆ ಸರಿಸೋದು. 1926ರಲ್ಲಿ ಬಂದ ರಾಜಕುಮಾರ ಅಹ್ಮದನ ಪೂರ್ತಿ ಸಿನಿಮಾನ ಪಾಟ್ಸ್‌ಡ್ಯಾಮಲ್ಲಿ ಒಬ್ಬ ಬ್ಯಾಂಕರ್ ಮನೆ ಗ್ಯಾರೇಜಿನ ಅಟ್ಟದ ಮೇಲೆ ಮೂರು ವರ್ಷ ಹೀಗೇ ತೆಗೆದಿದ್ದು. ದುಡ್ಡಿಗೆ ಬೆಲೆ ಹೋಗಿದ್ದ ಕಾಲ, ಆ ಬ್ಯಾಂಕರ್ ಫಿಲ್ಮ್ ರೀಲು ಕೊಂಡಿಟ್ಕೊಂಡಿದ್ರಂತೆ, ಅದನ್ನೇ ಕೊಟ್ರು.

"ಹಾಗಾದ್ರೆ ಆಟ ಆಡೋವಾಗ ಯಾರೂ ನೋಡ್ತಿರ್ಲಿಲ್ಲ" ಅಂದ್ರು ಅಮ್ಮ. ನಂಗಿದು ಹೊಳೆದೇ ಇರ್ಲಿಲ್ಲ. ನಮ್ಮೂರಲ್ಲಿ ಗೊಂಬೆ ತಪ್ಪಿದ್ರೆ ಜನ ನಗ್ತಾರೆ, ಭಾಗವತರು ಮಾತು ಹಾರಿಸಿ ಸರಿಮಾಡ್ಕೋತಾರೆ. ಇಲ್ಲಿ ನಗೋಕೂ ಯಾರೂ ಇಲ್ಲ, ವರ್ಷಗಟ್ಲೆ.

ಕೊನೇ ದಿನಗಳನ್ನ ರೈನಿಗರ್ ಪಕ್ಕದ ಡೆಟೆನ್‌ಹೌಸನ್ ಹಳ್ಳೀಲಿ ಕಳೆದು 1981ರಲ್ಲಿ ಅಲ್ಲೇ ತೀರ್ಕೊಂಡ್ರು. ಕತ್ತರಿಸುವಾಗ ಕತ್ರಿ ಅಲ್ಲಾಡಿಸ್ತಿರ್ಲಿಲ್ಲ, ಕಾಗದಾನ ತಿರುಗಿಸ್ತಿದ್ರು ಅಂತ ಅಮ್ಮಂಗೆ ಹೇಳಿದ್ದೇ ತಪ್ಪಾಯ್ತು. ವಾಪಸ್ ಟ್ರೈನಲ್ಲಿ ಬ್ರೆಡ್ ಕವರ್ ಬಿಡಿಸಿ, ಬ್ಯಾಗಿಂದ ಉಗುರು ಕತ್ರಿ ತೆಗೆದು ಕೋಳಿ ಮಾಡೋಕ್ ಕೂತ್ರು. ಎರಡು ಸಲ ಕುತ್ತಿಗೆ ಹೋಯ್ತು. ಇಳಿಯೋ ಸ್ಟೇಷನ್ ಬಂದ್ರೂ ಏಳ್ಲಿಲ್ಲ, "ಇರೋ, ಜುಟ್ಟೊಂದ್ ಬಾಕಿ."