ನಡು ಸಮುದ್ರದಾಗ ಲ್ಯಾಪ್‌ಟಾಪ್ ತೆಗೆದು ಜಿಎಸ್‌ಟಿ ಫೈಲ್ ಮಾಡಿದ್ದು

ಹೋದ ನವೆಂಬರ್‌ನ್ಯಾಗ ನಾವು ಮನಿಮಂದಿ ಐದು ಜನ, ಅಪ್ಪ ಅವ್ವ ನಾನು ನಮ್ಮ ಮನಿಯಾಕಿ ಮಗಳು, ಮುಂಬೈಯಿಂದ ಲಕ್ಷದ್ವೀಪಕ್ಕ ಹೋಗಿ ಬರೋ ಕ್ರೂಸ್ ಹಡಗು ಹತ್ತಿದ್ವಿ. ಅಪ್ಪ ಗಂಗಾವತಿ ರೈಸ್ ಮಿಲ್‌ನ್ಯಾಗ ಗುಮಾಸ್ತ ಆಗಿ ಇಡೀ ಜೀವನ ದುಡದವ್ರು, ಸಮುದ್ರ ನೋಡಿದ್ದು ಒಂದೇ ಸಲ, ಗೋಕರ್ಣಕ್ಕ ಹೋದಾಗ, ಅದೂ ದಂಡಿ ಮ್ಯಾಲ ನಿಂತು. ಒಮ್ಮೆ ಅವ್ರನ್ನ ನಡು ನೀರಿಗೆ ಕರ್ಕೊಂಡು ಹೋಗ್ಬೇಕು ಅಂತ ನನಗ ಭಾಳ ದಿನದಿಂದ ಇತ್ತು. ಆದ್ರ ನಂದು ಟ್ಯಾಕ್ಸ್ ಕೆಲಸ, ತಿಂಗಳದಾಗ 20ನೇ ತಾರೀಖು ಅಂದ್ರ ಜಿಎಸ್‌ಟಿಆರ್-3ಬಿ, ಅಂದ್ರ ತಿಂಗಳ ಜಿಎಸ್‌ಟಿ ಲೆಕ್ಕ ಕೊಟ್ಟು ಟ್ಯಾಕ್ಸ್ ಕಟ್ಟೋ ರಿಟರ್ನ್, ಅದನ್ನ ಹಾಕೋ ಕಡೀ ದಿನ, ಮತ್ತ ಟಿಕೆಟ್ ಸಿಕ್ಕಿದ್ದು 17ರ ಸಂಜಿಯಿಂದ 21ರ ತನಕ. ಅಂದ್ರ 20ಕ್ಕ ನಾನು ಇರೋದು ನೀರಿನ ನಡುವ.

ಎಲ್ಲಾ ಗಿರಾಕಿಗಳದೂ 16ರೊಳಗ ಮುಗಿಸಿದೆ, ಒಬ್ರುದು ಮಾತ್ರ ಉಳೀತು. ಸೋನಾ ಮಸೂರಿ 25 ಕೆಜಿ ಪ್ಯಾಕೆಟ್ ಮಾಡಿ ಮಾರೋ ಸಾಹುಕಾರ್ರು, ಪ್ಯಾಕ್ ಮಾಡಿ ಹೆಸರು ಹಾಕಿದ ಅಕ್ಕಿಗೆ 5 ಪರ್ಸೆಂಟ್ ಟ್ಯಾಕ್ಸ್ ಐತಲ್ಲ, ಅದರ ರೊಕ್ಕ ಅವ್ರ ಕೈಗೆ ಬರೋದೇ 19ಕ್ಕೋ 20ಕ್ಕೋ. ಲೇಟ್ ಫೀ ದಿನಕ್ಕ 50 ರೂಪಾಯಿ, ಅದೇನ್ ಕಟ್ಟಬಹುದು, ಆದ್ರ ಟ್ಯಾಕ್ಸ್ ಮ್ಯಾಲ ವರ್ಷಕ್ಕ 18 ಪರ್ಸೆಂಟ್ ಲೆಕ್ಕದಾಗ ಬಡ್ಡಿ ಬೀಳ್ತೈತಿ, ಅದಕ್ಕಿಂತ ಮುಖ್ಯ ಅವ್ರ ರಿಟರ್ನ್ ಇವತ್ತಿನ ತನಕ ಒಂದ್ ದಿನಾನೂ ತಪ್ಪಿಲ್ಲ, ನನ್ನ ಕೈಯಿಂದ ಅದು ತಪ್ಪಬಾರದು ಅನ್ನೋದು ನನಗ ಗಟ್ಟಿ ಇತ್ತು. ಹಿಂಗಾಗಿ ಲ್ಯಾಪ್‌ಟಾಪ್ ಚೀಲಕ್ಕ ಹಾಕ್ಕೊಂಡೇ ಹೊಂಟೆ.

ಊರಾಗ ಇದ್ದಾಗ ಮಾಡಿಕೊಂಡ ಕೆಲಸಾನ ಕಡೀಕ ನನ್ನ ಕೈ ಹಿಡದದ್ದು, ಅದನ್ನ ಮೊದಲು ಹೇಳ್ತೀನಿ. ಮಾಲು ಕೊಟ್ಟವ್ರು ಹಾಕಿದ ಬಿಲ್‌ಗಳ ಪಟ್ಟಿ, 2ಬಿ ಅಂತಾರ, 14ಕ್ಕ ಬರ್ತೈತಿ, ಅದನ್ನ ಡೌನ್‌ಲೋಡ್ ಮಾಡಿ ಐಟಿಸಿ, ಅಂದ್ರ ಖರೀದಿ ಮ್ಯಾಲ ಮೊದಲೇ ಕಟ್ಟಿದ ಟ್ಯಾಕ್ಸಿನ ವಜಾ, ತಾಳೆ ನೋಡಿ, 3ಬಿ ಪೂರಾ ತುಂಬಿ ಜಿಎಸ್‌ಟಿ ಪೋರ್ಟಲ್‌ನ್ಯಾಗ ಸೇವ್ ಮಾಡಿದೆ. ಚಲನ್ ತೆಗೆದು ಸಾಹುಕಾರ್ರ ವಾಟ್ಸಾಪ್‌ಗೆ ಹಾಕಿದೆ, ಚಲನ್ 15 ದಿನ ನಡೀತೈತಿ, ರೊಕ್ಕ ಬಂದಾಗ ಅವ್ರು ಕಟ್ಟಿದ್ರಾತು. ಹಡಗಿನ್ಯಾಗ ನನಗ ಉಳಿಯೋದು ಮೂರೇ ಕೆಲಸ: ಲಾಗಿನ್, ಕಟ್ಟಿದ ರೊಕ್ಕ ಟ್ಯಾಕ್ಸ್ ಬಾಕಿಗೆ ವಜಾ ಹಾಕೋದು (ಆಫ್‌ಸೆಟ್), ಒಟಿಪಿ ಹಾಕಿ ಫೈಲ್ ಮಾಡೋದು. ಆ ಒಟಿಪಿ ಹೆಂಗೂ ಸಾಹುಕಾರ್ರ ನಂಬರಿಗೇ ಬರೋದು, ಅವ್ರು ನನಗ ಮೆಸೇಜ್ ಮಾಡಬೇಕು. ಆಮ್ಯಾಲ ನನ್ನ ಜಿಮೇಲ್. ಅದಕ್ಕ ಲಾಗಿನ್ ಆಗೋವಾಗ ಎಸ್ಸೆಮ್ಮೆಸ್‌ನ್ಯಾಗ ಕೋಡ್ ಬರೋ ಸೆಟ್ಟಿಂಗ್ ಇತ್ತು, ನಡು ಸಮುದ್ರದಾಗ ಎಸ್ಸೆಮ್ಮೆಸ್ ಎಲ್ಲಿಂದ ಬರಬೇಕು? ಅಥೆಂಟಿಕೇಟರ್ ಆ್ಯಪ್‌ಗೆ ಬದಲಿಸಿದೆ. ಅದು ಫೋನ್‌ನ್ಯಾಗಿನ ಟೈಮ್ ನೋಡಿ 30 ಸೆಕೆಂಡಿಗೊಂದು ಕೋಡ್ ತಾನ ಹುಟ್ಟಸ್ತೈತಿ, ನೆಟ್ವರ್ಕ್ ಬೇಕಾಗಿಲ್ಲ. ಬ್ಯಾಕಪ್ ಕೋಡ್ ಹತ್ತನ್ನೂ ಹಾಳ್ಯಾಗ ಬರ್ಕೊಂಡು ಪಾಕೀಟಿನ್ಯಾಗ ಇಟ್ಕೊಂಡೆ.

ಮುಂಬೈ ಟರ್ಮಿನಲ್‌ನ್ಯಾಗ ಸ್ಕ್ಯಾನಿಂಗ್‌ಗೆ ಬ್ಯಾಗ್ ಹಾಕಿದಾಗ ನನ್ನ ಎಕ್ಸ್‌ಟೆನ್ಷನ್ ಬಾಕ್ಸ್ ತೆಗೆದಿಟ್ಕೊಂಡ್ರು, ಇಳಿಯೋವಾಗ ಕೊಡ್ತೀವಿ ಅಂದ್ರು, ಇಸ್ತ್ರಿ ಪೆಟ್ಟಿಗಿ ತಂದವ್ರದ್ದೂ ಹಂಗ. ನನಗ ಮೊದಲು ಬ್ಯಾಸರ ಆತು, ಆಮ್ಯಾಲ ತಿಳೀತು: ಹಡಗಿನ ವೈರಿಂಗ್‌ನ್ಯಾಗ ಮನ್ಯಾಗಿನಂಗ ನ್ಯೂಟ್ರಲ್ ಅರ್ಥಿಂಗ್ ಇರೋದಿಲ್ಲ, ಎರಡೂ ವೈರ್‌ನ್ಯಾಗ ಕರೆಂಟ್ ಇರ್ತೈತಿ, ಸರ್ಜ್ ಪ್ರೊಟೆಕ್ಟರ್ (ಕರೆಂಟ್ ಒಮ್ಮೆಲೆ ಏರಿದ್ರ ತಡಿಯೋದು) ಇರೋ ಬಾಕ್ಸ್ ಅಲ್ಲೆ ಬಿಸಿಯಾಗಿ ಹತ್ಕೊಳ್ಳೋ ಭಯ. ಹಡಗಿನ್ಯಾಗ ಬೆಂಕಿ ಅಂದ್ರ ಓಡಿ ಹೋಗಾಕ ಜಾಗ ಇಲ್ಲ, ಅವ್ರು ಮಾಡೋದು ಖರೇ ಐತಿ. ನೀವು ಒಂದು ಯೂನಿವರ್ಸಲ್ ಅಡಾಪ್ಟರ್ ಮತ್ತ ಎರಡು ಮೂರು ಯುಎಸ್‌ಬಿ ಇರೋ ಸಾದಾ ಚಾರ್ಜರ್ ತಗೊಂಡು ಹೋಗ್ರಿ, ಸಾಕಾಗ್ತೈತಿ.

ಸಂಜಿಮುಂದ ಹಡಗು ಬಿಡ್ತು. ಮುಂಬೈ ದೀಪ ಕಾಣೋ ತನಕ ಫೋನ್‌ನ್ಯಾಗ ಸಿಗ್ನಲ್ ಇತ್ತು, ಮಗಳು ರೀಲ್ಸ್ ನೋಡ್ಕೋತ ಕುಂತಿದ್ಲು, ಊಟಕ್ಕ ಹೋಗಿ ಬರೋದ್ರಾಗ ಗಪ್. ಇಲ್ಲೆ ಒಂದು ಹುಷಾರಿ ಬೇಕು. ದಂಡಿ ಟವರ್ ಬಿಟ್ಟ ಮ್ಯಾಲ ಎಷ್ಟೋ ಹಡಗಿನ್ಯಾಗ ಹಡಗಿಂದ ಒಂದು ಮೊಬೈಲ್ ನೆಟ್ವರ್ಕ್ ಇರ್ತೈತಿ, ಫೋನ್ ಸುಮ್ನ ಅದನ್ನ ಹಿಡ್ಕೊಂಡ್ರ ಅದು ಇಂಟರ್‌ನ್ಯಾಷನಲ್ ರೋಮಿಂಗ್‌ಕಿಂತ ತುಟ್ಟಿ, ಪೋಸ್ಟ್‌ಪೇಯ್ಡ್ ಇದ್ದವ್ರಿಗೆ ಬಿಲ್ ಬರೋದು ಊರು ಮುಟ್ಟಿದ ಮ್ಯಾಲ. ಏರೋಪ್ಲೇನ್ ಮೋಡ್ ಹಾಕ್ರಿ, ಆಮ್ಯಾಲ ವೈಫೈ ಒಂದೇ ಆನ್ ಮಾಡ್ರಿ. ಅಪ್ಪಂದು ಅವ್ವಂದು ಫೋನ್ ನಾನೇ ಇಸ್ಕೊಂಡು ಹಾಕಿಕೊಟ್ಟೆ.

ನಾನು ತಗೊಂಡಿದ್ದು ಒಂದೇ ಡಿವೈಸಿನ ವೈಫೈ ಪ್ಯಾಕ್. ನಮ್ಮನಿ ಫೈಬರ್ ಒಂದು ತಿಂಗಳ ಬಿಲ್‌ಕಿಂತ ಅದರ ರೇಟ್ ಜಾಸ್ತಿ. ರೊಕ್ಕ ರೂಮಿನ ಅಕೌಂಟಿಗೆ ಹಾಕ್ತಾರ, ಕಾರ್ಡ್ ಒಟಿಪಿ ತಾಪತ್ರಯ ಇಲ್ಲ, ಅದೊಂದು ಚಲೋ. ಆದ್ರ ಲಾಗಿನ್ ಪೇಜೇ ಬರವಲ್ದು. ವೈಫೈ ಕನೆಕ್ಟ್ ಆಗೇತಿ ಅಂತ ತೋರಿಸ್ತೈತಿ, ಬ್ರೌಸರ್ ಸುಮ್ನ ತಿರುಗ್ತೈತಿ. ಅರ್ಧ ತಾಸು ಹಿಡೀತು ಕಂಡುಹಿಡ್ಯಾಕ: ಆಫೀಸ್ ಕೆಲಸಕ್ಕ ಹಾಕ್ಕೊಂಡಿದ್ದ ವಿಪಿಎನ್, ಅಂದ್ರ ನೆಟ್ಟನ್ನ ತನ್ನ ಗುಪ್ತ ದಾರಿಲೇ ಕಳಿಸೋ ಸಾಫ್ಟ್‌ವೇರ್, ಲ್ಯಾಪ್‌ಟಾಪ್ ಶುರು ಆದಕೂಡ್ಲೆ ತಾನ ಆನ್ ಆಗಿ ಹಡಗಿನ ಪೇಜಿಗೆ ಅಡ್ಡ ನಿಲ್ತಿತ್ತು. ಅದನ್ನ ಬಂದ್ ಮಾಡಿ, ಎಚ್‌ಟಿಟಿಪಿಎಸ್ (ಬೀಗದ ಗುರುತು) ಇಲ್ಲದ ಒಂದು ಸಾದಾ ಸೈಟ್ ತೆಗೆದೆ, ಪಟ್ಟನ ಹಡಗಿನ ಪೇಜ್ ಬಂತು. ಫೋನಿಗೆ ನೆಟ್ ಬೇಕಂದ್ರ ಲ್ಯಾಪ್‌ಟಾಪ್‌ನ್ಯಾಗ ಲಾಗೌಟ್ ಮಾಡಲೇಬೇಕು, ಮಡಚಿಟ್ರ ಸಾಲೋದಿಲ್ಲ, ಅದು ಒಳಗ ಜಾಗ ಹಿಡ್ಕೊಂಡು ಕುಂತಿರ್ತೈತಿ.

ಮತ್ತ ಅವತ್ತು ರಾತ್ರಿ ಒಂದು ತಪ್ಪಾತು. ಲ್ಯಾಪ್‌ಟಾಪ್ ಹಚ್ಚಿಟ್ಟು ಅವ್ವನ ಜೋಡಿ ಡೆಕ್ ಮ್ಯಾಲ ಹೋದೆ, ಬಂದು ನೋಡಿದ್ರ ವಿಂಡೋಸ್ ಅಪ್‌ಡೇಟ್ ಇಳಿಯಾಕತ್ತೇತಿ, ಒನ್‌ಡ್ರೈವ್ ಫೋಟೋ ಏರಸಾಕತ್ತೇತಿ, ಬಾಕಿ ಯಾವ ಪೇಜೂ ತೆಗೆಯವಲ್ದು. ಇರೋ ಸಣ್ಣ ಪೈಪಿನ ನೀರೆಲ್ಲ ಅವೆರಡೇ ಕುಡದಿದ್ವು. ವೈಫೈ ಸೆಟ್ಟಿಂಗ್‌ನ್ಯಾಗ ಮೀಟರ್ಡ್ ಕನೆಕ್ಷನ್ ಅಂತ ಒಂದು ಬಟನ್ ಐತಿ, ಅದನ್ನ ಒತ್ತಿದ್ರ ದೊಡ್ಡ ಅಪ್‌ಡೇಟ್ ನಿಲ್ತಾವು, ಒನ್‌ಡ್ರೈವ್ ಸಿಂಕ್ ಬ್ಯಾರೇನ ನಿಲ್ಲಸ್ರಿ, ಫೋನ್‌ನ್ಯಾಗ ಗೂಗಲ್ ಫೋಟೋಸ್ ಬ್ಯಾಕಪ್ ಆಫ್ ಮಾಡ್ರಿ. ಇವೆರಡನ್ನ ಹಡಗು ಹತ್ತೋಕಿಂತ ಮೊದಲ ಮಾಡ್ರಿ, ಮೀಟರ್ಡ್ ಬಟನ್ ಮಾತ್ರ ಹಡಗಿನ ವೈಫೈ ಹಿಡದಕೂಡ್ಲೆ ಒತ್ರಿ.

ರೂಮಿನ್ಯಾಗ ಸಿಗ್ನಲ್ ಸುದ್ದ ಸರಿ ಇರಲಿಲ್ಲ. ಹಡಗಿನ ಗ್ವಾಡಿ ಅಂದ್ರ ಕಬ್ಬಿಣ, ಬಾಗಿಲಾನೂ ಹಂಗ, ವೈಫೈ ಡಬ್ಬಿ ಇರೋದು ಹೊರಗ ಕಾರಿಡಾರ್‌ನ್ಯಾಗ. ಬಾಗಿಲ ಹಾಕಿದ್ರ ಎರಡು ಗೆರಿ ಹೋಗ್ತಾವು, ತೆಗೆದ್ರ ಬರ್ತಾವು. ನಾನು ಹೊಸ್ತಿಲ ಹತ್ರ ಕಾರ್ಪೆಟ್ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತು ಲ್ಯಾಪ್‌ಟಾಪ್ ತೊಡಿ ಮ್ಯಾಲ ಇಟ್ಕೊಂಡು ಪೇಜ್ ರಿಫ್ರೆಶ್ ಮಾಡಾಕತ್ತಿದ್ದೆ, ಆವಾಗ ಟವೆಲ್ ಹೊತ್ಕೊಂಡು ಹೊಂಟಿದ್ದ ಹುಡುಗ ನಿಂತ. ನಮ್ಮನಿಯಾಕಿ ಒಳಗಿಂದ "ಬಾಗಿಲಾ ಹಾಕ್ರೀ ಥಂಡಿ ಹೊಂಟೈತಿ" ಅಂದಿದ್ದು ಅವನ ಕಿವಿಗೆ ಬಿದ್ದಿತ್ತು.

"ಸರ್, ನೀವು ನಮ್ಮ ಕಡೆಯವ್ರೇನ್ರಿ?"

"ಗಂಗಾವತಿಪಾ ತಮ್ಮಾ. ನಿಂದ್ಯಾವೂರು?"

"ಸಿಂಧನೂರ್ರೀ ಅಣ್ಣಾರ!"

ನಮ್ಮೂರಿಂದ ಸಿಂಧನೂರು ಒಂದೂವರಿ ತಾಸಿನ ಬಸ್ಸು. ಅಷ್ಟು ದೂರದ ನೀರಿನ್ಯಾಗ ಆ "ರೀ" ಕೇಳಿ ನನಗ ಎದಿ ತುಂಬಿ ಬಂತು, ಅವ್ವ ಅಂತೂ ಎದ್ದು ಹೊರಗ ಬಂದು ಮನಿಯಿಂದ ತಂದಿದ್ದ ಕರ್ಚಿಕಾಯಿ ಕೈಗೆ ಹಾಕಿದ್ಲು.

ಅವನೇ ಹೇಳಿದ್ದು: ಅಣ್ಣಾರ, ಇಲ್ಲೆ ಕುಂದ್ರಬ್ಯಾಡ್ರಿ, ನಡು ಜಿನಿ (ಮೆಟ್ಟಲ) ಹತ್ರ ವೈಫೈ ಚಲೋ ಐತಿ, ಮತ್ತ ರಾತ್ರಿ ಎಲ್ಲಾರೂ ನೆಟ್ ಹಚ್ಚಿರ್ತಾರ, ನಸುಕಿನ್ಯಾಗ ನಾಕೂವರಿ ಐದಕ್ಕ ಬರ್ರಿ. ಮರುದಿನ ಬೆಳಿಗ್ಗೆ ಮ್ಯಾಲಿನ ಡೆಕ್ಕಿನ್ಯಾಗ ಚಿಮಣಿ ಆಜೂಬಾಜು ಇರೋ ಬಿಳಿ ಗುಂಡನ ಗುಮ್ಮಟಗಳನ್ನೂ ತೋರಿಸಿದ. ನಾನು ಅವು ರಡಾರ್ ಅನ್ಕೊಂಡಿದ್ದೆ. ಆ ಗುಮ್ಮಟದ ಒಳಗ ಡಿಶ್ ಇರ್ತೈತಿ, ಅದಕ್ಕ ಮೋಟಾರ್, ಹಡಗು ಎಡಕ್ಕ ಬಲಕ್ಕ ವಾಲಿದಂಗ ಡಿಶ್ ತನ್ನಷ್ಟಕ್ಕ ತಾನು ತಿರುಗಿ ಆಕಾಶದಾಗಿನ ಒಂದೇ ಸ್ಯಾಟಲೈಟ್ ಕಡೆ ಮುಖ ಇಟ್ಕೊಂಡಿರಬೇಕು. ತಲಿ ಮ್ಯಾಲ ಕೊಡ ಹೊತ್ತ ಹೆಣ್ಣುಮಗಳು ಮೈ ಬಳುಕಿದ್ರೂ ಕೊಡ ಅಲುಗದಂಗ ನಡೀತಾಳಲ್ಲ, ಹಂಗ. ಹಡಗು ತಿರುಗಿದಾಗ ನಡುವ ಚಿಮಣಿ ಅಡ್ಡ ಬಂದ್ರ ಆ ಡಿಶ್ ಕುರುಡಾಗ್ತೈತಿ, ಅದಕ್ಕ ಒಂದಕ್ಕಿಂತ ಹೆಚ್ಚು ಗುಮ್ಮಟ ಇಡ್ತಾರ, ಒಂದರಿಂದ ಇನ್ನೊಂದಕ್ಕ ಬದಲಾಗೋವಾಗ ನೆಟ್ ಒಂದ್ ಗಳಿಗಿ ನಿಂತಂಗಾಗ್ತೈತಿ.

ಒಂದು ಮಾತು ಕಳಿಸಿ ಉತ್ತರ ಬರಾಕ ಎಷ್ಟು ಹೊತ್ತು ಹಿಡೀತೈತಿ ಅಂತ ನಾನು ಪಿಂಗ್ ಹೊಡದು ನೋಡಿದೆ, 640, 710, ಮತ್ತ 650 ಮಿಲಿಸೆಕೆಂಡ್. ಮನ್ಯಾಗ 30 ದಾಟೋದಿಲ್ಲ. ಯಾಕ ಅಂತ ಲೆಕ್ಕ ಹಾಕಿದ್ರ ಗೊತ್ತಾಗ್ತೈತಿ. ಆ ದೊಡ್ಡ ಸ್ಯಾಟಲೈಟ್‌ಗಳು ಭೂಮಿಯಿಂದ 35,786 ಕಿಲೋಮೀಟರ್ ಎತ್ತರದಾಗ ಅದಾವು, ಅಷ್ಟು ಎತ್ತರಕ್ಕಿದ್ರ ಮಾತ್ರ ಭೂಮಿ ಜೋಡಿನೇ ತಿರುಗಿ ಒಂದೇ ಕಡೆ ನಿಂತಂಗ ಕಾಣ್ತಾವು. ನಾನು ಒಂದು ಪೇಜ್ ಕೇಳಿದ್ರ ಆ ಮಾತು ಮ್ಯಾಲ ಹೋಗಿ ಕೆಳಗ ಇಳೀಬೇಕು, ಉತ್ತರ ಮತ್ತ ಮ್ಯಾಲ ಹೋಗಿ ಇಳೀಬೇಕು, ನಾಕು ಸಲ, ಒಟ್ಟು 1,43,000 ಕಿಲೋಮೀಟರ್ ಮ್ಯಾಲ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡಿದ್ರೂ ಅದಕ್ಕ ಸುಮಾರು ಅರ್ಧ ಸೆಕೆಂಡ್ ಬೇಕು. ಒಂದು ಪೇಜ್ ತೆಗೆಯಾಕ ಇಂಥಾ ಹೋಗಿ ಬರೋದು ಹತ್ತಾರು ಸಲ ಆಗ್ತೈತಿ. ಎಷ್ಟೇ ತುಟ್ಟಿ ಪ್ಯಾಕ್ ತಗೊಂಡ್ರೂ ಈ ದೂರ ಕಡಿಮಿ ಆಗೋದಿಲ್ಲ. ಈಗ ಸ್ಟಾರ್‌ಲಿಂಕ್ ಹಾಕ್ಸಿದ ಹಡಗು ಬಂದಾವು, ಅದರ ಸ್ಯಾಟಲೈಟ್ 500 ಕಿಲೋಮೀಟರ್ ಆಜೂಬಾಜು ಎತ್ತರದಾಗೇ ಓಡ್ತಾವು, ರಾಯಲ್ ಕೆರಿಬಿಯನ್ ಹಡಗಗಳಿಗೆ 2022ರಿಂದ ಹಾಕಾಕತ್ತಾರ, ಅಂಥಾದ್ರಾಗ ವಿಡಿಯೋ ಕಾಲ್ ಸುದ್ದ ಆಗ್ತೈತಿ. ಟಿಕೆಟ್ ತಗೊಳ್ಳೋವಾಗ ನಿಮ್ಮ ಹಡಗಿನ್ಯಾಗ ಯಾವುದೈತಿ ಅಂತ ಕೇಳ್ರಿ, ಕೇಳಾಕ ನಾಚಬ್ಯಾಡ್ರಿ.

19ಕ್ಕ ಅಗತ್ತಿ ದ್ವೀಪ. ಹಡಗು ದೂರ ನಿಲ್ತೈತಿ, ಸಣ್ಣ ದೋಣ್ಯಾಗ ಇಳಿಸಿ ಕರ್ಕೊಂಡು ಹೋಗ್ತಾರ. ದಂಡಿಗೆ ಕಾಲಿಟ್ಟು ಏರೋಪ್ಲೇನ್ ಮೋಡ್ ತೆಗೆದ್ನಿ, ಟಣ್ ಟಣ್ ಅಂತ ಮೆಸೇಜ್ ಬಂದ್ವು. ಲಕ್ಷದ್ವೀಪನೂ ಮೊದಲು ಸ್ಯಾಟಲೈಟ್ ಮ್ಯಾಲೇ ಇತ್ತು, ಕೊಚ್ಚಿಯಿಂದ ಸಮುದ್ರದ ತಳದಾಗ ಹಾಸಿದ ಆಪ್ಟಿಕಲ್ ಫೈಬರ್ ಕೇಬಲ್ 2024ರ ಜನವರ್ಯಾಗ ಉದ್ಘಾಟನೆ ಆತು. ಅಪ್ಪ ಊರಾಗ ಒಬ್ಬಾಕಿನ ಉಳಿದಿದ್ದ ನಮ್ಮಜ್ಜಿಗೆ ವಿಡಿಯೋ ಕಾಲ್ ಮಾಡಿ ಫೋನ್ ನೀರಿನ ಕಡೆ ಹಿಡದು "ನೋಡು ಬೇ, ತಳಾ ಕಾಣ್ತೈತಿ, ನಮ್ಮ ಡ್ಯಾಮಿನ ನೀರಿನಂಗಲ್ಲ, ಹಸಿರೈತಿ" ಅಂತ ಹತ್ತು ನಿಮಿಷ ತೋರಿಸಿದ್ರು. ನಾನೂ ಅಲ್ಲೆ ಸಾಹುಕಾರ್ರಿಗೆ ಫೋನ್ ಮಾಡಿದೆ, ನಾಳೆ ನಸುಕಿನ್ಯಾಗ ಐದಕ್ಕ ನೀವು ಎದ್ದಿರಬೇಕ್ರಿ ಅಂದೆ. ರೊಕ್ಕ ಅಷ್ಟೊತ್ತಿಗೆ ಕಟ್ಟಿರ್ತೀನಿ ತಗೋ ಅಂದ್ರು.

20ರ ಬೆಳಗಿನ ಜಾವ ನಾಕೂವರಿಗೆ ಎದ್ದು ಮೊದಲು ಲ್ಯಾಪ್‌ಟಾಪ್ ತಗೊಂಡು ಹೊರಗ ಡೆಕ್ಕಿಗೆ ಹೋದೆ, ಎಸಿ ರೂಮಿಂದ ಬಂದ ಲ್ಯಾಪ್‌ಟಾಪ್ ಸಮುದ್ರದ ಬೆಚ್ಚನ ಹಸಿ ಗಾಳಿಗೆ ಸ್ಕ್ರೀನೆಲ್ಲಾ ಮಂಜು ಕಟ್ಟಿ ಬಿಳೀ ಆತು, ಕೀಬೋರ್ಡ್ ಮ್ಯಾಲ ಬಟ್ಟು ಇಟ್ರ ಒದ್ದಿ. ತಕ್ಷಣ ಮುಚ್ಚಿ ಒಳಗ ಬಂದೆ. ಹಂಗ ಮಾಡಬ್ಯಾಡ್ರಿ, ಒಳಗಿನ ಭಾಗಕ್ಕೂ ನೀರು ಹಿಡೀತೈತಿ, ಅದರ ಮ್ಯಾಲ ಉಪ್ಪಿನ ಗಾಳಿ ಬ್ಯಾರೆ. ಸಿಂಧನೂರ ಹುಡುಗ ಹೇಳಿದ ಜಿನಿ ಹತ್ರ ಕುಂತೆ. ಪೋರ್ಟಲ್ ತೆಗೀತು. ಹೆಸರು ಪಾಸ್‌ವರ್ಡ್ ಹಾಕಿದೆ, ನೋಡಿ ಅಂಕಿ ಹೊಡಿಯೋ ಕ್ಯಾಪ್ಚಾ ಚಿತ್ರ ಬರವಲ್ದು, ಬರೇ ಖಾಲಿ ಡಬ್ಬಿ. ರಿಫ್ರೆಶ್ ಹೊಡೀಬ್ಯಾಡ ಕಾಯಿ ಅಂತ ನನಗ ನಾನೇ ಹೇಳ್ಕೊಂಡೆ, ಯಾಕಂದ್ರ ರಿಫ್ರೆಶ್ ಹೊಡದ್ರ ಇಡೀ ಪೇಜ್ ಮತ್ತ ಮ್ಯಾಲಿಂದ ಇಳೀಬೇಕು. ಒಂದು ನಿಮಿಷಕ್ಕ ಆರು ಅಂಕಿ ಮೂಡಿದ್ವು. ಸೇವ್ ಮಾಡಿದ್ದ 3ಬಿ ಹಂಗ ಇತ್ತು, ಸಾಹುಕಾರ್ರ ರೊಕ್ಕ ಲೆಡ್ಜರ್‌ನ್ಯಾಗ ಕಂಡ್ತು, ಆಫ್‌ಸೆಟ್ ಒತ್ತಿದೆ. ಅಷ್ಟರಾಗ ಇನ್ನೊಂದು ತೊಡಕು ಹೊಳೀತು, ಒಟಿಪಿ ಬಂದ್ರ ಸಾಹುಕಾರ್ರು ವಾಟ್ಸಾಪ್ ಮಾಡೋದು ನನ್ನ ಫೋನಿಗೆ, ಫೋನಿಗೆ ನೆಟ್ ಇಲ್ಲ, ಪ್ಯಾಕ್ ಇರೋದು ಲ್ಯಾಪ್‌ಟಾಪಿಗೆ. ಪುಣ್ಯಕ್ಕ ವಾಟ್ಸಾಪ್ ವೆಬ್ ಮನ್ಯಾಗಿರಬೇಕಾದ್ರ ಲಿಂಕ್ ಮಾಡಿದ್ದೆ, ಈಗ ಅದು ಫೋನ್ ಆನ್‌ಲೈನ್ ಇಲ್ಲದಿದ್ರೂ ನಡೀತೈತಿ. ಇನ್ನೊಂದು ಟ್ಯಾಬ್‌ನ್ಯಾಗ ತೆಗೆದು "ಕಳಸ್ರಿ" ಅಂತ ಹಾಕಿದೆ, ಎರಡು ಟಿಕ್ ಬಿದ್ವು, ಆರು ನಂಬರ್ ಬಂದ್ವು. ಹಾಕಿದೆ. ಗುಂಡಗ ತಿರುಗ್ತು, ತಿರುಗ್ತು, ನಾನು ಉಸಿರು ಬಿಗಿ ಹಿಡದು ಕುಂತಿದ್ದೆ, 5 ಗಂಟೆ 22 ನಿಮಿಷಕ್ಕ ರಿಟರ್ನ್ ಫೈಲ್ ಆತು ಅನ್ನೋ ಗುರುತಿನ ಎಆರ್‌ಎನ್ ನಂಬರ್ ಬಂತು. ಪಿಡಿಎಫ್ ಇಳಿಸ್ಕೊಂಡೆ, ಸಾಹುಕಾರ್ರಿಗೆ ಹಾಕಿದೆ. "ಆತು ತಗೋ, ಇನ್ನ ಅಪ್ಪನ ಜೋಡಿ ತಿರುಗಾಡಿ ಬಾ" ಅಂತ ಬಂತು. ಲ್ಯಾಪ್‌ಟಾಪ್ ಮುಚ್ಚಿ ಅಪ್ಪನ್ನ ಎಬ್ಬಿಸಿ ಸೂರ್ಯ ಹುಟ್ಟೋದು ನೋಡಾಕ ಕರ್ಕೊಂಡು ಹೋದೆ.

ಅವತ್ತು ಮಧ್ಯಾಹ್ನ ಆ ಹುಡುಗ ಸಿಕ್ಕಾಗ ಕೆಲಸ ಆತಪಾ ನಿನ್ನಿಂದ ಅಂದೆ, ನೀ ಮನಿಗೆ ಹೆಂಗ ಮಾತಾಡ್ತೀ, ಇಲ್ಲಿ ನೆಟ್ ಇಷ್ಟು ತುಟ್ಟಿ ಅಂತ ಕೇಳಿದೆ. ಅವನು ಫೋನ್ ತೆಗೆದು ತೋರಿಸಿದ. ಅವ್ರವ್ವಗ ಓದಾಕ ಬರಿಯಾಕ ಬರೋದಿಲ್ಲ, ವಾಟ್ಸಾಪ್‌ನ್ಯಾಗ ದಿನಾ ವಾಯ್ಸ್ ಮೆಸೇಜ್ ಹಾಕ್ತಾಳ, ಭತ್ತ ಕೊಯ್ಲಿಗೆ ಬಂದದ್ದು, ಎಮ್ಮಿ ಈದದ್ದು, ಯಾರ ಮನ್ಯಾಗ ಮದುವಿ. ಮುಂಬೈ ದಂಡಿ ಮುಟ್ಟಿದ ಕೂಡ್ಲೆ ಅವೆಲ್ಲಾ ಇಳಿಸ್ಕೊಂತಾನ, ಆಮ್ಯಾಲ ಹಡಗು ಬಿಟ್ಟ ಮ್ಯಾಲ ಡ್ಯೂಟಿ ಮುಗಿದು ಮಲಗೋ ಮುಂದ ರಾತ್ರಿಗೆ ಒಂದು ಕೇಳ್ತಾನ, ಎಲ್ಲಾ ಒಮ್ಮೆ ಕೇಳೋದಿಲ್ಲ. "ಇನ್ನೂ ಎರಡು ಉಳದಾವ್ರಿ ಅಣ್ಣಾರ, ಇವತ್ತೊಂದು, ನಾಳೆ ಮುಂಬೈ ಮುಟ್ಟೋಕಿಂತ ಮೊದಲೊಂದು" ಅಂದ. ಅವ್ವ ಉಳಿದ ಕರ್ಚಿಕಾಯಿ ಡಬ್ಬಿನ ಅವನಿಗೆ ಕೊಟ್ಟು ಕಳಿಸಿದ್ಲು.