ಎರಡನೇ ಸೆನ್ಸರ್ ಬಂದ ಮೇಲೆ

ಏಪ್ರಿಲ್ 12, 2025, ಶನಿವಾರ

ಮಹಡಿಯ ಸೋಲಾರ್ ಟ್ಯಾಂಕಿನ ತಳಕ್ಕೆ ಇಂದು ತಾಪಮಾನ ಅಳೆಯುವ ಇನ್ನೊಂದು ಡಿಎಸ್18ಬಿ20 ಸೆನ್ಸರ್ ಕೂರಿಸಿದೆ. ಮೇಲ್ಭಾಗದಲ್ಲಿ ಒಂದು ಮೊದಲೇ ಇತ್ತು. ಬಿಸಿನೀರು ಮೇಲೇರಿ ನಿಲ್ಲುವುದರಿಂದ ಅದೊಂದನ್ನೇ ನಂಬಿದರೆ ಟ್ಯಾಂಕ್ ಪೂರ್ತಿ ಕಾದಿದೆ ಎಂದೆನಿಸುತ್ತದೆ. ಇಬ್ಬರ ಸ್ನಾನ ಮುಗಿಯುವಷ್ಟರಲ್ಲಿ ತಣ್ಣೀರು. ತಳದ ಅಳತೆಯೂ ಸಿಕ್ಕರೆ ಬೆಳಗಿನ ಜಾವ ಗೀಸರ್ ಹಾಕಬೇಕೋ ಬೇಡವೋ ಎಂಬುದನ್ನು ಮನೆಯ ಸಾಧನಗಳನ್ನು ನಡೆಸುವ ತಂತ್ರಾಂಶವಾದ ಹೋಮ್ ಅಸಿಸ್ಟೆಂಟ್ ಸರಿಯಾಗಿ ತೀರ್ಮಾನಿಸಬಲ್ಲದು.

ತಂತಿ ಜೋಡಿಸಿ, ಅಳತೆಯನ್ನು ವೈಫೈ ಮೂಲಕ ಕಳುಹಿಸುವ ಪುಟ್ಟ ಚಿಪ್ ಆದ ಇಎಸ್‌ಪಿ8266 ಅನ್ನು ಮತ್ತೆ ಚಾಲೂ ಮಾಡಿದರೆ ಹಳೆಯ ಸೆನ್ಸರ್‌ನ ಅಳತೆಯೂ ನಿಂತುಹೋಯಿತು. ಲಾಗ್‌ನಲ್ಲಿ ಒಂದೇ ದೂರು: ಅಂಥ ಕೀಲಿ (ಸಂದೇಶದಲ್ಲಿ ಅಳತೆಗಿರುವ ಹೆಸರು) ಇಲ್ಲ. ಆ ಚಿಪ್ಪಿನಲ್ಲಿ ಓಡುವ ತಂತ್ರಾಂಶ ಟ್ಯಾಸ್ಮೋಟಾ ಹೆಸರಿಡುವ ರೀತಿಯೇ ಇದಕ್ಕೆ ಕಾರಣ. ಸೆನ್ಸರ್ ಒಂದೇ ಇದ್ದಾಗ ಅದರ ಜೇಸನ್ (ಕೀಲಿ ಮತ್ತು ಮೌಲ್ಯಗಳ ಜೋಡಿಯಾಗಿ ಬರೆದ) ಸಂದೇಶದಲ್ಲಿ ಕೀಲಿ ಬರೀ ‘ಡಿಎಸ್18ಬಿ20’. ಎರಡಾದೊಡನೆ ‘ಡಿಎಸ್18ಬಿ20-1’ ಮತ್ತು ‘ಡಿಎಸ್18ಬಿ20-2’. ಈ ಅಡ್ಡಗೆರೆ ಚಿಕ್ಕದಾದರೂ ತೊಂದರೆ ದೊಡ್ಡದು. ಚುಕ್ಕೆ ಹಾಕಿ ಕೀಲಿಯನ್ನು ಕರೆದರೆ, ಹೋಮ್ ಅಸಿಸ್ಟೆಂಟ್ ಟೆಂಪ್ಲೇಟ್ ಬರೆಯಲು ಬಳಸುವ ಭಾಷೆಯಾದ ಜಿಂಜಾ ಅದನ್ನು ಕಳೆಯುವ ಲೆಕ್ಕವೆಂದೇ ಓದುತ್ತದೆ. ಆದ್ದರಿಂದ ಹೆಸರನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಚೌಕ ಆವರಣದಲ್ಲಿ ಬರೆಯಲೇಬೇಕು.

ಅಷ್ಟು ಮಾಡಿದರೆ ಅಳತೆ ಬರುತ್ತದೆ, ಆದರೆ ನನಗೆ ಸಮಾಧಾನವಾಗಲಿಲ್ಲ. 1, 2 ಎಂಬುದು ಸರದಿಯೇ ಹೊರತು ಗುರುತಲ್ಲ. ನಾಳೆ ಒಂದು ಸೆನ್ಸರ್ ಕೆಟ್ಟು ಹೊಸದು ಹಾಕಿದರೆ ಸರದಿ ಅದಲುಬದಲಾಗಬಹುದು, ಆಗ ತಳದ ಅಳತೆ ಮೇಲಿನದ್ದರ ಹೆಸರಿನಲ್ಲಿ ಬಂದು ಕೂರುತ್ತದೆ. ದೋಷದ ಸುಳಿವೇ ಇರುವುದಿಲ್ಲ, ಅಂಕಿ ಮಾತ್ರ ಸುಳ್ಳು. ಪ್ರತಿ ಡಿಎಸ್18ಬಿ20ಗೂ ಕಾರ್ಖಾನೆಯಲ್ಲೇ 64 ಬಿಟ್‌ಗಳ ಒಂದು ಅನನ್ಯ ಸಂಖ್ಯೆ ಕೊಟ್ಟಿರುತ್ತಾರೆ. ಅದರಿಂದ ಬಂದ ಗುರುತು ಸಂದೇಶದಲ್ಲಿ ‘ಐಡಿ’ ಎಂಬ ಕೀಲಿಯ ಕೆಳಗೆ ತಾಪಮಾನದ ಪಕ್ಕದಲ್ಲೇ ಇದೆ. ಹಾಗಾಗಿ ಕೀಲಿಯ ಹೆಸರನ್ನೇ ಬಿಟ್ಟೆ. ಸಂದೇಶದೊಳಗಿನ ಮೌಲ್ಯಗಳಲ್ಲಿ ಐಡಿ ಇರುವವನ್ನು ಮಾತ್ರ ಸೋಸಿ, ನನಗೆ ಬೇಕಾದ ಐಡಿಯದ್ದರ ತಾಪಮಾನ ತೆಗೆಯುವಂತೆ ಟೆಂಪ್ಲೇಟ್ ಬರೆದೆ. ಸಾಲು ಉದ್ದವಾಯಿತು, ಆದರೆ ಇನ್ನು ಸರದಿ ಹೇಗೆ ಬದಲಾದರೂ ಚಿಂತೆಯಿಲ್ಲ.

ಅಳತೆ ಸಿಗದಿದ್ದರೆ ಸೊನ್ನೆ ಎಂದು ತೆಗೆದುಕೊಳ್ಳಿ ಎಂಬ ಸಲಹೆ ಎಲ್ಲೆಡೆ ಕಾಣುತ್ತದೆ. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಸೊನ್ನೆ ಡಿಗ್ರಿ ಎಂದರೆ ಗೀಸರ್‌ಗೆ ‘ನೀರು ತಣ್ಣಗಿದೆ, ಹೊತ್ತಿಕೋ’ ಎಂದು ಆಜ್ಞೆ ಕೊಟ್ಟಂತೆ. ಸಿಗದ ಅಳತೆ ‘ಲಭ್ಯವಿಲ್ಲ’ ಎಂದೇ ಉಳಿಯಬೇಕು, ಆಗ ಗೀಸರ್ ಹೊತ್ತಿಸುವ ನಿಯಮ ಸುಮ್ಮನಿರಬೇಕು. ಇದಕ್ಕಿಂತ ನಯವಾದ ಮೋಸ 85 ಡಿಗ್ರಿ. ವಿದ್ಯುತ್ ಬಂದ ಕೂಡಲೇ, ಇನ್ನೂ ಏನನ್ನೂ ಅಳೆಯದೆ ಇರುವಾಗ, ಈ ಚಿಪ್ ತೋರಿಸುವ ಅಂಕಿ ಅದು. ಮನೆಯೊಳಗಿನ ಕೋಣೆಯಲ್ಲಾದರೆ ನೋಡಿದೊಡನೆ ತಳ್ಳಿಹಾಕಬಹುದು. ಬೇಸಿಗೆಯ ಸೋಲಾರ್ ಟ್ಯಾಂಕಿನಲ್ಲಿ ಅದು ಅಷ್ಟೇನೂ ಅಸಂಭವವಲ್ಲ, ಆದ್ದರಿಂದ ಸರಿಯಾಗಿ 85 ಬಂದ ಸಂದೇಶವನ್ನು ಕೈಬಿಟ್ಟು ಮುಂದಿನದಕ್ಕೆ ಕಾಯುವಂತೆ ಮಾಡಿದ್ದೇನೆ. ಟ್ಯಾಸ್ಮೋಟಾ ಮೂಲತಃ 300 ಸೆಕೆಂಡಿಗೊಮ್ಮೆ ಸಂದೇಶ ಕಳುಹಿಸುತ್ತದೆ; ನೀರಿಗೆ ಅಷ್ಟು ಸಾಕು.

ಹೋಮ್ ಅಸಿಸ್ಟೆಂಟ್ ಪ್ರತಿ ಸ್ಥಿತಿಯನ್ನೂ ಅಕ್ಷರಗಳ ಸಾಲಾಗಿ ಇಡುವುದರಿಂದ ಹೋಲಿಸುವ ಮೊದಲು ಸಂಖ್ಯೆಯಾಗಿಸಬೇಕು. ಇಲ್ಲವಾದರೆ 9 ಎಂಬುದು 45ಕ್ಕಿಂತ ದೊಡ್ಡದಾಗುತ್ತದೆ. ಅದನ್ನೂ ಸೇರಿಸಿದೆ. ರಾತ್ರಿ ನೋಡಿದಾಗ ಎರಡೂ ಅಳತೆ ತಮ್ಮ ತಮ್ಮ ಹೆಸರಿನಲ್ಲೇ ಬರುತ್ತಿದ್ದವು. ಗೀಸರ್ ನಿಯಮವನ್ನು ತಳದ ಅಳತೆಗೆ ಜೋಡಿಸುವ ಕೆಲಸ ನಾಳೆಗೆ.