ಖಾಲಿ ಕುರ್ಚಿ: ಕಿರುಕಾದಂಬರಿ ಎಲ್ಲಿಗೆ ಬಂತು

ಮೂರನೇ ಕರಡು ನಿನ್ನೆ ರಾತ್ರಿ ಮುಗಿಯಿತು. ಈಗ 14,200 ಪದ ಇದೆ. ಮೊದಲ ಕರಡು 21,000 ಇತ್ತು. ವಿಜ್ಞಾನ ಕಥೆ, ಫ್ಯಾಂಟಸಿಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯ ನಿಯಮದ ಪ್ರಕಾರ ಕಿರುಕಾದಂಬರಿ ಅಂದರೆ 17,500ರಿಂದ 40,000 ಪದ. ಅದು ಇಂಗ್ಲಿಷಿಗೆ ಹೊಂದುವ ಲೆಕ್ಕ. ‘ಮನೆಯಲ್ಲಿದ್ದವರಿಗೂ’ ಅನ್ನುವುದು ನಮಗೆ ಒಂದೇ ಪದ, ಅವರಿಗೆ ಏಳೆಂಟು. ಹಾಗಾಗಿ ಪದ ಎಣಿಸುವುದನ್ನು ಬಿಟ್ಟಿದ್ದೇನೆ.

ಕಥೆ ಒಂದೇ ಮದುವೆ ದಿನದ್ದು, ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ. ಮದುಮಗಳ ಅಕ್ಕ ತೀರಿಹೋಗಿ ಎರಡು ವರ್ಷವಾಗಿದೆ. ಮರೆವಿನ ಕಾಯಿಲೆಯ ಅಜ್ಜಿಗೆ ಅದು ನೆನಪಿಲ್ಲ. “ದೊಡ್ಡವಳೆಲ್ಲಿ?” ಅಂತ ಬೆಳಿಗ್ಗೆ ಕೇಳುತ್ತಾಳೆ. ಮದುಮಗಳ ಚಿಕ್ಕಪ್ಪ ಸಮಾಧಾನಕ್ಕೆ “ದಾರೀಲಿದ್ದಾಳೆ ಅಮ್ಮ” ಅಂದುಬಿಡುತ್ತಾನೆ. ಅಜ್ಜಿ ತನ್ನ ಪಕ್ಕದ ಕುರ್ಚಿಯನ್ನು ಮೊಮ್ಮಗಳಿಗೆ ಅಂತ ಹಿಡಿದಿಡುತ್ತಾಳೆ. ಆಮೇಲೆ ರೈಲು ತಡವಾಗುತ್ತದೆ, ಕಾರು ಪಂಕ್ಚರ್ ಆಗುತ್ತದೆ. ಮಧ್ಯಾಹ್ನದ ಹೊತ್ತಿಗೆ ವಿಷಯ ಗೊತ್ತಿಲ್ಲದ ದೂರದ ನೆಂಟರೂ ಕಾಯತೊಡಗುತ್ತಾರೆ. ಫೋಟೋದವನು ಎಲ್ಲರನ್ನೂ ಸರಿಸಿ ಅವಳಿಗೆ ನಡುವೆ ಜಾಗ ಬಿಡಿಸುತ್ತಾನೆ.

ಎರಡನೇ ಕರಡು ಕೆಟ್ಟಿದ್ದು ಚಿಕ್ಕಪ್ಪನಿಂದಲೇ. ಅವನ ಬಾಯಲ್ಲಿ ಪುಟಕ್ಕೆರಡು ಜೋಕು ಹಾಕಿದ್ದೆ. ಓದಿದ ಗೆಳತಿ ಒಮ್ಮೆಯೂ ನಗಲಿಲ್ಲ. “ಇವನಿಗೆ ಹುಡುಗಿ ಸತ್ತದ್ದು ಬೇಜಾರೇ ಇಲ್ವಾ?” ಅಂದಳು. ಎರಡು ವಾರ ಕಡತ ತೆರೆಯಲಿಲ್ಲ.

ದಾರಿ ಸಿಕ್ಕಿದ್ದು ಇಟಲಿಯ ಲೇಖಕ ಲುಯಿಜಿ ಪಿರಾಂಡೆಲ್ಲೊ 1908ರಲ್ಲಿ ಹಾಸ್ಯದ ಬಗ್ಗೆ ಬರೆದದ್ದರಲ್ಲಿ. ಅಲ್ಲಿ ಒಬ್ಬ ಮುದುಕಿ ಬರುತ್ತಾಳೆ. ಬಣ್ಣ ಹಚ್ಚಿದ ಕೂದಲು, ಢಾಳಾದ ಮೇಕಪ್ಪು, ಹುಡುಗಿಯರ ಥರದ ಬಟ್ಟೆ. ನೋಡಿದ ಕೂಡಲೇ ನಗು ಬರುತ್ತದೆ. ತನಗಿಂತ ತುಂಬ ಚಿಕ್ಕವನಾದ ಗಂಡನ ಪ್ರೀತಿ ಉಳಿಸಿಕೊಳ್ಳಲು ಹೀಗೆ ಮಾಡುತ್ತಿರಬಹುದು ಅಂತ ಹೊಳೆದರೆ, ಮೊದಲಿನ ಹಾಗೆ ನಗಲು ಆಗುವುದಿಲ್ಲ. ಮುದುಕಿ ಬದಲಾಗಿಲ್ಲ, ನಾವು ನೋಡುವುದು ಬದಲಾಗಿದೆ. ನನ್ನ ಚಿಕ್ಕಪ್ಪನಿಗೆ ಬೇಕಿದ್ದದ್ದು ಇದೇ ಅಲ್ವಾ?

ಜೋಕುಗಳನ್ನೆಲ್ಲ ಕಿತ್ತುಹಾಕಿದೆ. ಈಗ ಅವನು ಬಹಳ ಶ್ರದ್ಧೆಯ ಮನುಷ್ಯ. ಯಾರಿಗೆ ಏನು ಹೇಳಿದೆ ಅಂತ ಮರೆಯದಿರಲು ಆಮಂತ್ರಣ ಪತ್ರಿಕೆಯ ಹಿಂದೆ ಬರೆದುಕೊಳ್ಳುತ್ತಾನೆ. ‘9:30, ಅಮ್ಮನಿಗೆ: ರೈಲು. 11:00, ಸೋದರತ್ತೆಗೆ: ಪಂಕ್ಚರ್.’ ರೈಲಿನಲ್ಲಿದ್ದವಳ ಕಾರು ಹೇಗೆ ಪಂಕ್ಚರ್ ಆಯಿತು ಅಂತ ಯಾರೋ ಕೇಳಿದಾಗ ಬೆವರುತ್ತಾನೆ. ಗೆಳತಿ ಇಲ್ಲಿ ಜೋರಾಗಿ ನಕ್ಕಳು. ಸಂಜೆ ನಾಲ್ಕಕ್ಕೆ ‘ಇನ್ನೊಂದು ಗಂಟೆಯಲ್ಲಿ ಬರ್ತಾಳೆ’ ಅಂತ ಬರೆದವನು, ತನಗೇ ಗೊತ್ತಿಲ್ಲದೆ ಗೇಟಿನ ಕಡೆ ನೋಡುತ್ತಾನೆ. ಅಲ್ಲಿ ಅವಳು ಸುಮ್ಮನಾದಳು. ಈ ಒಂದು ಸಾಲಿಗಾಗಿ ಮೂರು ಕರಡು ಬರೆದದ್ದು ಸಾರ್ಥಕ ಅನಿಸಿತು.

ಇನ್ನೊಂದು ಗೊಂದಲ ಸಂಬಂಧಗಳದ್ದು. ಒಬ್ಬಳೇ ಹೆಂಗಸು ಒಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತಿಗೆ, ಮತ್ತೊಬ್ಬರಿಗೆ ಅತ್ತೆ. ಮೂವತ್ತು ಜನರ ಮನೆಯಲ್ಲಿ ಓದುಗರು ಕಳೆದುಹೋಗುತ್ತಾರೆ. ನಿರೂಪಣೆ ಪೂರ್ತಿ ಮದುಮಗಳ ಕಡೆಯಿಂದ ಅಂತ ತೀರ್ಮಾನಿಸಿದೆ. ಅವಳು ಯಾರನ್ನು ಏನಂತ ಕರೆಯುತ್ತಾಳೋ ಅದೇ ಹೆಸರು. ಮಾತಿನಲ್ಲಿ ಮಾತ್ರ ಅವರವರ ಸಂಬಂಧ. ಗೋಡೆಗೆ ಗಂಟೆ-ಕೋಣೆಗಳ ಪಟ್ಟಿಯನ್ನೂ ಅಂಟಿಸಿದ್ದೇನೆ. ಹನ್ನೊಂದಕ್ಕೆ ಚಿಕ್ಕಪ್ಪ ಮಹಡಿಯಲ್ಲೂ ಅಜ್ಜಿಯ ಪಕ್ಕದಲ್ಲೂ ಇದ್ದದ್ದು ಸಿಕ್ಕಿದ್ದು ಅದರಿಂದಲೇ.

ಕೊನೆಯನ್ನು ಬದಲಾಯಿಸಿದೆ. ಅಜ್ಜಿಗೆ ಮೊದಲಿಂದಲೂ ಎಲ್ಲ ಗೊತ್ತಿತ್ತು ಅಂತ ಮುಗಿಸಿದ್ದೆ. ಓದಲು ಚೆನ್ನಾಗಿತ್ತು, ಆದರೆ ಸುಳ್ಳು. ಅಜ್ಜಿಯ ಮರೆವೂ ಚಿಕ್ಕಪ್ಪನ ಇಡೀ ದಿನದ ಒದ್ದಾಟವೂ ಬರೀ ತಮಾಷೆಯಾಗಿಬಿಡುತ್ತಿತ್ತು. ಈಗ ರಾತ್ರಿ ಹತ್ತಕ್ಕೆ ಕೆಲಸದ ಹುಡುಗ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿರುತ್ತಾನೆ. ಅಜ್ಜಿ ಮಲಗಿಯಾಗಿದೆ. “ಇದನ್ನೂ ತಗೊಳ್ಲಾ ಸಾರ್?” ಅಂತ ಕೇಳುತ್ತಾನೆ. “ಅದೊಂದು ಇರಲಿ” ಅನ್ನುತ್ತಾನೆ ಚಿಕ್ಕಪ್ಪ.

ಬಾಕಿ ಇರುವುದು ಫೋಟೋದ ಅಧ್ಯಾಯ. ಆ ಖಾಲಿ ಜಾಗದ ಎರಡೂ ಪಕ್ಕ ಯಾರು ನಿಲ್ಲಬೇಕು ಅನ್ನುವುದು ಇನ್ನೂ ಹೊಳೆದಿಲ್ಲ. ಒಂದು ಕಡೆ ಅಮ್ಮ ಇರಲೇಬೇಕು.